ಕೆಂಪು ಅಂಗಿಯ ಹುಡುಗ: ಲ್ಯಾಬ್ ರಿಪೋರ್ಟು ಕೋರ್ಟಿಗೆ ಹೋದಾಗ

(ನರ್ಸಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ.)

ಬೋರ್ಡಿನ ಮೇಲೆ ಎರಡು ಸಂಖ್ಯೆ ಬರೆದಿದ್ದೇನೆ, ನೋಡಿ. ಮೇಲಿರುವುದು 4,657. ಕೆಳಗೆ, 169ಕ್ಕಿಂತ ಕಡಿಮೆ. ಮೇಲಿನದು ಇನ್ಸುಲಿನ್, ಕೆಳಗಿನದು ಸಿ-ಪೆಪ್ಟೈಡ್. ಎರಡೂ ಪಿಕೋಮೋಲ್ ಲೆಕ್ಕದಲ್ಲಿ. ಎರಡೂ ಒಂದೇ ಮಗುವಿನ ರಕ್ತದ್ದು. 2015ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಚೆಸ್ಟರ್ ಊರಿನ ಆಸ್ಪತ್ರೆಯಲ್ಲಿದ್ದ, ತಿಂಗಳು ತುಂಬದೆ ಹುಟ್ಟಿದ ಅವಳಿಗಳಲ್ಲಿ ಒಂದು ಗಂಡುಮಗು ಅದು. ಮಗುವಿನ ಶುಗರ್ ಗಂಟೆಗಟ್ಟಲೆ ಕೆಳಗೇ ಇತ್ತು. ಗ್ಲೂಕೋಸ್ ಕೊಟ್ಟರೂ ಏರಲಿಲ್ಲ. ಕೊನೆಗೆ ಚೇತರಿಸಿಕೊಂಡಿತು, ಬದುಕಿತು.

ಆ ಮಗುವಿನ ರಕ್ತದ ಈ ಎರಡು ಸಂಖ್ಯೆಗಳ ಬಗ್ಗೆ, ಅವು ಸಾಕ್ಷಿಯಾದ ಲೂಸಿ ಲೆಟ್ಬಿ ಎಂಬ ನರ್ಸಿನ ಕೊಲೆ ಕೇಸಿನ ಬಗ್ಗೆ ಮಾತಾಡಲು ಬಂದಿದ್ದೇನೆ. ನಾನು ಡಾಕ್ಟರಲ್ಲ, ವಕೀಲಳೂ ಅಲ್ಲ. ಆಸ್ಪತ್ರೆಯ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸ ಮಾಡಿ ವಯಸ್ಸಾದವಳು. ನೀವು ಟ್ಯೂಬಿಗೆ ರಕ್ತ ಹಾಕಿ ಕಳಿಸುತ್ತೀರಲ್ಲ, ಅದು ಬಂದು ಸೇರುವ ಜಾಗದವಳು. ಹಾಗಾಗಿ ಈ ಕೇಸನ್ನು ಎಲ್ಲರೂ ನರ್ಸಿನ ಕಡೆಯಿಂದಲೋ ತಂದೆ ತಾಯಿಯ ಕಡೆಯಿಂದಲೋ ನೋಡಿದರೆ, ನಾನು ಟ್ಯೂಬಿನ ಕಡೆಯಿಂದ ನೋಡುತ್ತೇನೆ.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. ಆಸ್ಪತ್ರೆಯ ಹೆಸರು ಕೌಂಟೆಸ್ ಆಫ್ ಚೆಸ್ಟರ್. 2015ರ ಜೂನ್‌ನಿಂದ 2016ರ ಜೂನ್‌ವರೆಗೆ ಅಲ್ಲಿನ ನವಜಾತ ಶಿಶುಗಳ ಘಟಕದಲ್ಲಿ ಸಾವು ಜಾಸ್ತಿಯಾದವು. ಆ ಘಟಕದ ನರ್ಸ್ ಲೆಟ್ಬಿ ಮೇಲೆ ಅಲ್ಲಿನ ಡಾಕ್ಟರುಗಳಿಗೆ ಅನುಮಾನ ಬಂತು. 2018ರಲ್ಲಿ ಮೊದಲ ಬಾರಿ ಪೊಲೀಸರು ಹಿಡಿದರು. 2022ರ ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರ್ ಕೋರ್ಟಿನಲ್ಲಿ ವಿಚಾರಣೆ ಶುರುವಾಗಿ ಹತ್ತು ತಿಂಗಳು ನಡೆಯಿತು. 2023ರ ಆಗಸ್ಟಿನಲ್ಲಿ ಏಳು ಮಕ್ಕಳ ಕೊಲೆ, ಇನ್ನು ಆರು ಮಕ್ಕಳ ಕೊಲೆಯತ್ನ ಸಾಬೀತಾಯಿತು ಎಂದು ಜ್ಯೂರಿ ಹೇಳಿತು. ಸಾಯುವವರೆಗೂ ಜೈಲು. 2024ರಲ್ಲಿ ಇನ್ನೊಂದು ಮಗುವಿನ ಕೊಲೆಯತ್ನವೂ ಸೇರಿತು. ಈ ಕೊಲೆಗಳನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ಕ್ಯಾಮೆರಾ ಇರಲಿಲ್ಲ. ಮಕ್ಕಳು ಸತ್ತಾಗ ನಡೆದ ಪೋಸ್ಟ್‌ಮಾರ್ಟಂಗಳಲ್ಲಿ ಯಾರೂ ಕೊಲೆ ಎಂದು ಬರೆದಿರಲಿಲ್ಲ. ಹಾಗಾಗಿ ಕೇಸು ನಿಂತದ್ದು ಹಳೆಯ ಕೇಸ್ ಶೀಟುಗಳನ್ನು ಓದಿ ತಜ್ಞರು ಹೇಳಿದ ಮಾತಿನ ಮೇಲೆ.

ಒಂದು ಮಾತು ಮೊದಲೇ ಹೇಳಬೇಕು. ನರ್ಸುಗಳು ಇಂಥದ್ದನ್ನು ಮಾಡುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. 1991ರಲ್ಲಿ ಅದೇ ಇಂಗ್ಲೆಂಡಿನ ಗ್ರಾಂಥಮ್‌ನಲ್ಲಿ ಬೆವರ್ಲಿ ಅಲಿಟ್ ಎಂಬ ನರ್ಸ್ ನಾಲ್ಕು ಮಕ್ಕಳನ್ನು ಕೊಂದಳು. ಅಲ್ಲಿಯೂ ಇನ್ಸುಲಿನ್ ಇತ್ತು. ಡಾಕ್ಟರುಗಳ ಅನುಮಾನವನ್ನು ಸುಮ್ನೆ ತಳ್ಳಿಹಾಕಿದರೆ ಮಕ್ಕಳು ಸಾಯುತ್ತಾರೆ ಎನ್ನುವುದು ಆ ದೇಶಕ್ಕೆ ಅನುಭವದಿಂದ ಗೊತ್ತಿತ್ತು. ಚೆಸ್ಟರ್‌ನ ಡಾಕ್ಟರುಗಳು ಕೂಗಿದ್ದು ತಪ್ಪಲ್ಲ. ಕೂಗಿದ ಮೇಲೆ ಆ ಕೂಗನ್ನು ಹೇಗೆ ಪರೀಕ್ಷೆ ಮಾಡಿದರು ಎಂಬುದು ನನ್ನ ಪ್ರಶ್ನೆ.

ಈಗ ಬೋರ್ಡಿಗೆ ಬನ್ನಿ. ಸಿ-ಪೆಪ್ಟೈಡ್ ಯಾಕೆ ನೋಡುತ್ತೇವೆ? ನಮ್ಮ ಮೇದೋಜ್ಜೀರಕ ಗ್ರಂಥಿ ಇನ್ಸುಲಿನ್ನನ್ನು ನೇರವಾಗಿ ಮಾಡುವುದಿಲ್ಲ. ಮೊದಲು ಪ್ರೋಇನ್ಸುಲಿನ್ ಎಂಬ ಉದ್ದನೆಯದೊಂದನ್ನು ಮಾಡುತ್ತದೆ. ಆಮೇಲೆ ಅದನ್ನು ಕತ್ತರಿಸುತ್ತದೆ. ಒಂದು ಇನ್ಸುಲಿನ್ ಬಂದರೆ ಒಂದು ಸಿ-ಪೆಪ್ಟೈಡ್ ಬರಲೇಬೇಕು. ತೆಂಗಿನಕಾಯಿ ಸುಲಿದರೆ ಸಿಪ್ಪೆ ಬಂದ ಹಾಗೆ. ಇನ್ಸುಲಿನ್ ಕೆಲವೇ ನಿಮಿಷದಲ್ಲಿ ಖರ್ಚಾಗುತ್ತದೆ. ಸಿ-ಪೆಪ್ಟೈಡ್ ಜಾಸ್ತಿ ಹೊತ್ತು ಉಳಿಯುತ್ತದೆ. ಹಾಗಾಗಿ ರಕ್ತದಲ್ಲಿ ಸಾಮಾನ್ಯವಾಗಿ ಸಿಪ್ಪೆಯೇ ಜಾಸ್ತಿ ಕಾಣಬೇಕು. ಬಾಟಲಿಯಲ್ಲಿ ಬರುವ ಇನ್ಸುಲಿನ್‌ಗೆ ಸಿಪ್ಪೆ ಇರುವುದಿಲ್ಲ. ಅದು ಸುಲಿದ ಕಾಯಿ. ರಕ್ತದಲ್ಲಿ ಕಾಯಿ ರಾಶಿ ಇದ್ದು ಸಿಪ್ಪೆ ಇಲ್ಲದಿದ್ದರೆ, ಯಾರೋ ಹೊರಗಿನಿಂದ ಕೊಟ್ಟಿದ್ದಾರೆ ಎಂದರ್ಥ.

4,657 ಕಾಯಿ, 169ಕ್ಕಿಂತ ಕಡಿಮೆ ಸಿಪ್ಪೆ. ಆ ಮಗುವಿಗೆ ಯಾರೂ ಇನ್ಸುಲಿನ್ ಬರೆದಿರಲಿಲ್ಲ. 2016ರ ಏಪ್ರಿಲ್‌ನಲ್ಲಿ ಬೇರೆ ಅವಳಿಗಳಲ್ಲಿ ಒಂದು ಮಗುವಿನಲ್ಲೂ ಹೀಗೇ ಬಂತು. ಇನ್ಸುಲಿನ್ 1,099, ಸಿ-ಪೆಪ್ಟೈಡ್ 264. ಘಟಕದಲ್ಲಿ ವಿಷ ಹಾಕುವವರೊಬ್ಬರು ಇದ್ದರು ಎಂದು ಸರ್ಕಾರಿ ವಕೀಲರು ಜ್ಯೂರಿಗೆ ಹೇಳಿದರು. ಲೆಟ್ಬಿಯ ವಕೀಲರೂ ಈ ರಿಪೋರ್ಟನ್ನು ಅಲ್ಲಗಳೆಯಲಿಲ್ಲ. ಸ್ವತಃ ಅವಳೇ ಕಟಕಟೆಯಲ್ಲಿ ನಿಂತು, ರಿಪೋರ್ಟು ಹಾಗೆ ಹೇಳುವುದಾದರೆ ಯಾರೋ ಇನ್ಸುಲಿನ್ ಕೊಟ್ಟಿರಬೇಕು, ಆದರೆ ನಾನಲ್ಲ ಎಂದಳು. ಅಲ್ಲಿಗೆ ಕೇಳುವವರಿಗೆ ಉಳಿದದ್ದು ಒಂದೇ ಪ್ರಶ್ನೆ: ನೀನಲ್ಲದಿದ್ದರೆ ಯಾರು? ಜ್ಯೂರಿ ಸರ್ವಾನುಮತದಿಂದ ಒಪ್ಪಿದ ಕೆಲವೇ ಆರೋಪಗಳಲ್ಲಿ ಈ ಎರಡೂ ಇದ್ದವು.

ಆ ನರ್ಸಿಗೆ ಲ್ಯಾಬಿನ ಸಂಖ್ಯೆಯ ಮೇಲೆ ಇದ್ದ ನಂಬಿಕೆ ನೋಡಿ. ತನ್ನ ಜೀವವೇ ಅದರ ಮೇಲೆ ನಿಂತಿದ್ದರೂ ಅದನ್ನು ಪ್ರಶ್ನಿಸಲಿಲ್ಲ. ನೀವೂ ಪ್ರಶ್ನಿಸುವುದಿಲ್ಲ. ಆ ಸಂಖ್ಯೆ ಹೇಗೆ ಹುಟ್ಟುತ್ತದೆ ಎಂದು ನಾನು ನಿಮಗೆ ಹೇಳಬೇಕಾದ್ದು ಇದಕ್ಕೇ.

ಇನ್ಸುಲಿನ್ ಟೆಸ್ಟಿನಲ್ಲಿ ನಾವು ಇನ್ಸುಲಿನ್ನನ್ನು ನೋಡುವುದಿಲ್ಲ. ಅಲ್ಲಿ ಆ್ಯಂಟಿಬಾಡಿ, ಅಂದರೆ ಗೊತ್ತಾದ ಆಕಾರವನ್ನು ಹುಡುಕಿ ಹಿಡಿಯುವ ಪ್ರೋಟೀನ್, ಬಿಡುತ್ತೇವೆ. ಆ್ಯಂಟಿಬಾಡಿ ಹೋಗಿ ಅಂಟಿಕೊಳ್ಳುತ್ತದೆ. ಎಷ್ಟು ಅಂಟಿತು ಎಂದು ಮೆಷಿನ್ ಬೆಳಕಿನಲ್ಲಿ ಅಳೆಯುತ್ತದೆ. ಇದಕ್ಕೆ ಇಮ್ಯುನೊಅಸ್ಸೇ ಎನ್ನುತ್ತಾರೆ. ಜಾತ್ರೆಯಲ್ಲಿ ಒಬ್ಬ ಹುಡುಗ ಕಳೆದುಹೋದ ಎಂದುಕೊಳ್ಳಿ. ಕೆಂಪು ಅಂಗಿ ಹಾಕಿದ್ದ ಎಂದು ಹೇಳಿ ಹತ್ತು ಜನರನ್ನು ಹುಡುಕಲು ಕಳಿಸುತ್ತೀರಿ. ಅವರಿಗೆ ಹುಡುಗನ ಮುಖ ಗೊತ್ತಿಲ್ಲ. ಕೆಂಪು ಅಂಗಿ ಗೊತ್ತು. ಬಹಳ ಸಲ ಸರಿಯಾದ ಹುಡುಗನನ್ನೇ ಕರೆತರುತ್ತಾರೆ. ಕೆಲವು ಸಲ ಬೇರೆ ಹುಡುಗ ಬರುತ್ತಾನೆ. ಕೆಲವು ಸಲ ನಮ್ಮ ಹುಡುಗನ ಮೇಲೆ ಯಾರೋ ಟವೆಲ್ ಹೊದಿಸಿರುತ್ತಾರೆ, ಕಾಣುವುದೇ ಇಲ್ಲ. ಮುಖ ನೋಡಿ ಗುರುತಿಸುವ ವಿಧಾನವೂ ಇದೆ. ಮಾಸ್ ಸ್ಪೆಕ್ಟ್ರೊಮೆಟ್ರಿ. ಅದು ಅಣುವನ್ನೇ ತೂಗಿ ನೋಡುತ್ತದೆ. ದುಬಾರಿ, ನಿಧಾನ, ಎಲ್ಲ ಕಡೆ ಇಲ್ಲ.

ಇದೇನು ಅಪರೂಪದ ತೊಂದರೆಯಲ್ಲ. ಕೂದಲು ಉದುರುತ್ತೆ ಅಂತ ಬಯೋಟಿನ್ ಮಾತ್ರೆ ನುಂಗುವವರು ನಿಮ್ಮಲ್ಲೂ ಇರಬಹುದು. ಜಾಸ್ತಿ ಬಯೋಟಿನ್ ತಿಂದು ಥೈರಾಯ್ಡ್ ಟೆಸ್ಟಿಗೆ ಬಂದರೆ, ಕೆಲವು ಮೆಷಿನ್‌ಗಳಲ್ಲಿ ಟಿಎಸ್‌ಎಚ್ ತಪ್ಪಾಗಿ ಕಡಿಮೆ, ಟಿ4 ತಪ್ಪಾಗಿ ಜಾಸ್ತಿ ಬರುತ್ತದೆ. ಥೈರಾಯ್ಡ್ ಕಾಯಿಲೆಯೇ ಇಲ್ಲದವರಿಗೆ ಕಾಯಿಲೆ ಬಂದ ಹಾಗೆ ಕಾಣುತ್ತದೆ. ಮೆಷಿನ್ ಕೆಟ್ಟಿರುವುದಿಲ್ಲ. ಮೆಷಿನ್ ಸರಿಯಿದೆಯಾ ಎಂದು ನೋಡುವ ಆ ದಿನದ ಕಂಟ್ರೋಲ್ ಟೆಸ್ಟು ಎಲ್ಲವೂ ಪಾಸ್. ಆದರೂ ಆ ಒಬ್ಬರ ರಿಪೋರ್ಟು ತಪ್ಪು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಚೆಸ್ಟರ್‌ನ ಮಕ್ಕಳ ರಕ್ತ ಹೋದದ್ದು ಲಿವರ್‌ಪೂಲ್‌ನ ಲ್ಯಾಬಿಗೆ. ಒಳ್ಳೆಯ ಲ್ಯಾಬು. ಅಲ್ಲಿನ ಬಯೋಕೆಮಿಸ್ಟ್ ಕೋರ್ಟಿಗೆ ಬಂದು, ಮೆಷಿನ್ ಸರಿಯಾಗಿತ್ತು, ಸಂಖ್ಯೆಯ ಮೇಲೆ ವಿಶ್ವಾಸ ಇದೆ ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅದೇ ಲ್ಯಾಬಿನ ಕೈಪಿಡಿಯಲ್ಲಿ ಇನ್ನೊಂದು ಮಾತಿತ್ತು. ಹೊರಗಿನಿಂದ ಇನ್ಸುಲಿನ್ ಕೊಟ್ಟಿದ್ದಾರೆಂಬ ಅನುಮಾನ ಇದ್ದರೆ ಈ ಟೆಸ್ಟು ಅದಕ್ಕೆ ತಕ್ಕದ್ದಲ್ಲ, ಸ್ಯಾಂಪಲನ್ನು ಗಿಲ್ಡ್‌ಫರ್ಡ್ ಊರಿನ ವಿಶೇಷ ಲ್ಯಾಬಿಗೆ ಕಳಿಸಬೇಕು ಅಂತ. ಯಾರೂ ಕಳಿಸಲಿಲ್ಲ. ರಿಪೋರ್ಟು ವಾರ್ಡಿಗೆ ಬರುವ ಹೊತ್ತಿಗೆ ಮಗು ಚೇತರಿಸಿಕೊಂಡಿತ್ತು. ಕಾಗದ ಕಡತ ಸೇರಿತು. ಇಬ್ಬರು ಮಕ್ಕಳ ವಿಷಯದಲ್ಲೂ ಹೀಗೇ ಆಯಿತು. ವರ್ಷಗಳ ನಂತರ ಕಡತ ತಿರುವುವಾಗ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಇನ್ನೊಮ್ಮೆ ಟೆಸ್ಟು ಮಾಡುವ ದಾರಿ ಮುಚ್ಚಿಹೋಗಿತ್ತು.

ಆಸ್ಪತ್ರೆಯ ಲ್ಯಾಬು ಕೇಳುವ ಪ್ರಶ್ನೆ ಒಂದು: ಈ ಮಗುವಿಗೆ ಈಗ ಏನು ಮಾಡಬೇಕು? ಕೋರ್ಟು ಕೇಳುವ ಪ್ರಶ್ನೆಯೇ ಬೇರೆ: ಯಾರಾದರೂ ಇದನ್ನು ಬೇಕೆಂದೇ ಮಾಡಿದರಾ? ಮೊದಲನೆಯದಕ್ಕೆ ಕೆಂಪು ಅಂಗಿ ಸಾಕು. ತಪ್ಪಾದರೆ ರಿಪೀಟ್ ಹಾಕುತ್ತೇವೆ, ಮಗುವನ್ನು ನೋಡುತ್ತೇವೆ, ತಿದ್ದಿಕೊಳ್ಳುತ್ತೇವೆ. ಎರಡನೆಯದಕ್ಕೆ ಮುಖ ನೋಡಲೇಬೇಕು. ನಾನು ಲ್ಯಾಬಿನವಳಾಗಿ ಹೇಳುತ್ತೇನೆ: ಖಚಿತಪಡಿಸುವ ಟೆಸ್ಟು ಇಲ್ಲದ ಇಂಥ ಸಂಖ್ಯೆಯನ್ನು, ಇದು ಎಂಥ ಟೆಸ್ಟು ಎಂದು ಬಿಡಿಸಿ ಹೇಳದೆ, ಜ್ಯೂರಿಯ ಮುಂದೆ ಇಡಬಾರದಿತ್ತು.

ಇನ್ನೂ ಒಂದು ವಿಷಯ ಇದೆ. ಮೊದಲನೆಯ ಮಗುವಿಗೆ ಇನ್ಸುಲಿನ್ ಹೋದದ್ದು ಟಿಪಿಎನ್ ಚೀಲದಿಂದ, ಅಂದರೆ ರಕ್ತನಾಳದ ಮೂಲಕ ಆಹಾರ ಕೊಡುವ ಚೀಲದಿಂದ, ಎಂದು ಸರ್ಕಾರಿ ವಕೀಲರ ವಾದ. ಮಧ್ಯೆ ಲೈನ್ ಕೆಟ್ಟು, ಹೊಸ ಚೀಲ ಹಾಕಿದರು. ಆಗ ಲೆಟ್ಬಿಯ ಡ್ಯೂಟಿ ಮುಗಿದಿತ್ತು. ಆದರೂ ಶುಗರ್ ಏರಲಿಲ್ಲ. ಹಾಗಾದರೆ ಎರಡನೆಯ ಚೀಲಕ್ಕೂ ಮೊದಲೇ ಹಾಕಿಟ್ಟಿರಬೇಕು, ಅಥವಾ ಪ್ಲಾಸ್ಟಿಕ್ಕಿಗೆ ಅಂಟಿಕೊಂಡ ಇನ್ಸುಲಿನ್ ನಿಧಾನವಾಗಿ ಹೋಗುತ್ತಿರಬೇಕು ಎಂಬ ವಿವರಣೆ ಬಂತು. ಆ ಚೀಲಗಳನ್ನೂ ಯಾರೂ ಪರೀಕ್ಷಿಸಿಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ನಾನು ಆಗ ಇನ್ನೂ ಹೊಸಬಳು. ರಾತ್ರಿ ಡ್ಯೂಟಿ. ಒಂದು ಮಗುವಿನ ಪೊಟ್ಯಾಸಿಯಂ 9ರ ಮೇಲೆ ಬಂತು. ಆ ವ್ಯಾಲ್ಯೂನಲ್ಲಿ ಹೃದಯ ನಿಲ್ಲುತ್ತದೆ. ಫೋನ್ ಎತ್ತಿಕೊಂಡೆ. ಪಕ್ಕದಲ್ಲಿದ್ದ ಹಿರಿಯ ಟೆಕ್ನೀಷಿಯನ್ ಕೈ ಹಿಡಿದು, "ಕ್ಯಾಲ್ಸಿಯಂ ನೋಡಮ್ಮಾ" ಎಂದರು. ನೋಡಿದೆ. ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅವರು ವಾರ್ಡಿಗೆ ಫೋನ್ ಮಾಡಿ ಮೊದಲು ಕೇಳಿದ್ದು, "ಸಿಸ್ಟರ್, ಮಗು ಹೇಗಿದೆ?" ಹಾಲು ಕುಡಿದು ಮಲಗಿದೆ ಎಂದರು. ಆಮೇಲೆ ಕೇಳಿದ್ದು, "ನೇರಳೆ ಮುಚ್ಚಳದ ಟ್ಯೂಬಿನಿಂದ ಕೆಂಪು ಮುಚ್ಚಳದ್ದಕ್ಕೆ ಏನಾದ್ರೂ ಸುರಿದ್ರಾ?" ಸುರಿದಿದ್ದರು. ರಕ್ತ ಸಾಲದೆ ಬಂದಿತ್ತು, ಪಾಪ, ಮಗುವಿಗೆ ಮತ್ತೆ ಚುಚ್ಚಲು ಮನಸ್ಸು ಬಂದಿರಲಿಲ್ಲ. ನೇರಳೆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ಇಡಿಟಿಎ ಒಂದು ಪೊಟ್ಯಾಸಿಯಂ ಉಪ್ಪು. ಅದೇ ಕ್ಯಾಲ್ಸಿಯಂ ಅನ್ನು ಹಿಡಿದು ಮರೆಮಾಡುತ್ತದೆ. ಮಗುವಿನ ರಕ್ತದಲ್ಲಿ ಏನೂ ತೊಂದರೆ ಇರಲಿಲ್ಲ. ಆ ಕಾಗದ ಐದು ವರ್ಷದ ನಂತರ ಯಾರದ್ದೋ ಕೈಗೆ ಸಿಕ್ಕಿದ್ದರೆ? ಮಗು ಮಲಗಿತ್ತು ಎಂದು ಹೇಳುವವರು ಯಾರು?

ಲ್ಯಾಬು ತಪ್ಪಬಹುದು ಎಂದು ಸುಮ್ನೆ ಹೆದರಿಸುತ್ತಿಲ್ಲ. ಇದು ಆಗಿದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಆಗಿದೆ.

ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯಲ್ಲಿ ಲೂಸಿಯಾ ಡಿ ಬರ್ಕ್ ಎಂಬ ನರ್ಸ್ ಇದ್ದರು. 2001ರ ಸೆಪ್ಟೆಂಬರ್‌ನಲ್ಲಿ ಒಂದು ಹೆಣ್ಣುಮಗು ತೀರಿಕೊಂಡಿತು. ಮೊದಲು ಸಹಜ ಸಾವು ಎಂದರು. ಆಮೇಲೆ ಲೂಸಿಯಾ ಡ್ಯೂಟಿಯಲ್ಲಿದ್ದಾಗಲೇ ಹೀಗೆ ಜಾಸ್ತಿ ಆಗುತ್ತಿದೆ ಎಂದು ಯಾರಿಗೋ ಅನ್ನಿಸಿತು. ಹಳೆಯ ಸಾವುಗಳನ್ನೆಲ್ಲ ಹೊರಗೆ ತೆಗೆದರು. ಅದೇ ಡಿಸೆಂಬರ್‌ನಲ್ಲಿ ಆಕೆಯನ್ನು ಹಿಡಿದರು. 2003ರಲ್ಲಿ ಜೀವಾವಧಿ ಶಿಕ್ಷೆ. 2004ರ ಮೇಲ್ಮನವಿಯಲ್ಲಿ ಏಳು ಕೊಲೆ, ಮೂರು ಕೊಲೆಯತ್ನ ಎಂದಾಯಿತು.

ಅಲ್ಲಿ ಮುಖ್ಯ ಸಾಕ್ಷಿ ಡಿಗಾಕ್ಸಿನ್. ಹೃದಯದ ಔಷಧಿ, ನಿಮಗೆ ಗೊತ್ತು. ಆ ಮಗುವಿನ ಪೋಸ್ಟ್‌ಮಾರ್ಟಂ ವೇಳೆ ಬಟ್ಟೆಗೆ ಹೀರಿಕೊಂಡ ರಕ್ತವನ್ನು ಹಿಂಡಿ ಟೆಸ್ಟು ಮಾಡಿದ್ದರು. ಇಮ್ಯುನೊಅಸ್ಸೇ ಜಾಸ್ತಿ ತೋರಿಸಿತು. ಈಗ ಜಾತ್ರೆಯ ಹುಡುಗನನ್ನು ನೆನಪಿಸಿಕೊಳ್ಳಿ. ಎಳೆ ಮಕ್ಕಳ ಮೈಯಲ್ಲಿ ಡಿಗಾಕ್ಸಿನ್ ತರಹವೇ ಕಾಣುವ ವಸ್ತುಗಳು ತಾವಾಗಿಯೇ ಹುಟ್ಟುತ್ತವೆ. ಅವೂ ಕೆಂಪು ಅಂಗಿಯವೇ. ಆ್ಯಂಟಿಬಾಡಿ ಅವನ್ನೂ ಹಿಡಿದು ತರುತ್ತದೆ. ಜೊತೆಗೆ ಸತ್ತ ಮೇಲೆ ರಕ್ತದಲ್ಲಿ ಈ ಮಟ್ಟವೇ ಬದಲಾಗುತ್ತದೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒಂದು ಲ್ಯಾಬು ಇನ್ನೂ ನಿಖರವಾದ ವಿಧಾನದಲ್ಲಿ ನೋಡಿತು. ಮಟ್ಟ ತೀರಾ ಕಡಿಮೆ ಬಂತು, ವಿಷ ಎನ್ನುವಷ್ಟಿಲ್ಲ. ಆ ವರದಿ ಮೇಲ್ಮನವಿ ಕೋರ್ಟಿನ ಮುಂದೆ ಸರಿಯಾಗಿ ಬರದೆ ಉಳಿದುಹೋಗಿತ್ತು. ನನಗೆ ಈ ಕೇಸಿನಲ್ಲಿ ಅತಿ ಹೆಚ್ಚು ನೋವಾಗುವುದು ಇಲ್ಲೇ. ಯಾರೋ ನಮ್ಮಂಥವರು ಕಷ್ಟಪಟ್ಟು ಸರಿಯಾದ ಕೆಲಸ ಮಾಡಿದ್ದರು. ಹೆಂಗಸೊಬ್ಬಳು ಜೈಲಿನಲ್ಲಿದ್ದಳು. ಕಾಗದ ಇದ್ದೂ ಇಲ್ಲದ ಹಾಗಿತ್ತು.

ಆ ಒಂದು ಡಿಗಾಕ್ಸಿನ್ ಸಂಖ್ಯೆ ಎಷ್ಟು ಭಾರ ಹೊತ್ತಿತು ಗೊತ್ತಾ? ಕೋರ್ಟು ಸರಪಳಿ ಸಾಕ್ಷ್ಯ ಎಂಬ ತರ್ಕ ಹಿಡಿಯಿತು. ಒಂದೆರಡು ಕೊಲೆ ಗಟ್ಟಿಯಾಗಿ ಸಾಬೀತಾದರೆ ಉಳಿದವಕ್ಕೆ ಅಷ್ಟು ಗಟ್ಟಿ ಪುರಾವೆ ಬೇಡ. ಮೊದಲ ಕೊಂಡಿ ಕಳಚಿದಾಗ ಇಡೀ ಸರಪಳಿ ಕೆಳಗೆ ಬಿತ್ತು. ಚೆಸ್ಟರ್ ಕೇಸಿನಲ್ಲೂ ನ್ಯಾಯಾಧೀಶರು ಜ್ಯೂರಿಗೆ ಇಂಥದ್ದೇ ಒಂದು ಸೂಚನೆ ಕೊಟ್ಟರು. ಒಂದು ಮಗುವಿಗೆ ಆಕೆ ಬೇಕೆಂದೇ ಹಾನಿ ಮಾಡಿದಳು ಎಂದು ಖಚಿತವಾದರೆ, ಉಳಿದ ಮಕ್ಕಳ ವಿಷಯದಲ್ಲೂ ಅದನ್ನು ಗಣನೆಗೆ ತೆಗೆದುಕೊಳ್ಳಬಹುದು ಅಂತ. ಕಾನೂನಿನಲ್ಲಿ ಅದು ತಪ್ಪಲ್ಲ. ಆದರೆ ಮೊದಲ ಕೊಂಡಿ ಯಾವುದು, ಎಷ್ಟು ಗಟ್ಟಿ ಎಂಬುದೇ ಆಗ ಎಲ್ಲಕ್ಕಿಂತ ದೊಡ್ಡ ವಿಷಯವಾಗುತ್ತದೆ.

ಲೂಸಿಯಾ ಕೇಸಿನಲ್ಲಿ ಇನ್ನೊಂದು ಸಂಖ್ಯೆಯೂ ಇತ್ತು. ಅವರು ಡ್ಯೂಟಿಯಲ್ಲಿದ್ದಾಗ ಇಷ್ಟೊಂದು ಘಟನೆ ಆಕಸ್ಮಿಕವಾಗಿ ನಡೆಯುವ ಸಾಧ್ಯತೆ 34 ಕೋಟಿ 20 ಲಕ್ಷದಲ್ಲಿ ಒಂದು ಎಂದು ಮೊದಲ ವಿಚಾರಣೆಯಲ್ಲಿ ಹೇಳಿಸಿದರು. ಆಮೇಲೆ ಗಣಿತಜ್ಞ ರಿಚರ್ಡ್ ಗಿಲ್ ಮತ್ತು ಅವರ ಜೊತೆಯವರು ಅದೇ ಲೆಕ್ಕವನ್ನು ಸರಿಯಾಗಿ ಮಾಡಿದಾಗ ಅದು ಕೆಲವು ಹತ್ತುಗಳಲ್ಲಿ ಒಂದಕ್ಕೆ ಇಳಿಯಿತು. ಆ ವಾರ್ಡಿನಲ್ಲಿ ಲೂಸಿಯಾ ಬರುವ ಮೊದಲಿನ ಮೂರು ವರ್ಷ ಏಳು ಸಾವು, ಅವರು ಇದ್ದ ಮೂರು ವರ್ಷ ಆರು ಸಾವು. ಇಷ್ಟು ಸರಳವಾದ ಎಣಿಕೆಯನ್ನು ಮೊದಲೇ ಮಾಡಬಹುದಿತ್ತು ಅಲ್ವಾ?

ಟಾನ್ ಡೆರ್ಕ್ಸನ್ ಎಂಬ ತತ್ವಶಾಸ್ತ್ರದ ಪ್ರಾಧ್ಯಾಪಕರೂ ಅವರ ಸೋದರಿ, ಡಾಕ್ಟರಾಗಿದ್ದ ಮೆಟ್ಟಾ ಡಿ ನೋ ಅವರೂ ಕೂತು ಕಡತ ಓದಿ, ವರ್ಷಗಟ್ಟಲೆ ಬಡಿದಾಡಿದರು. 2008ರಲ್ಲಿ ಲೂಸಿಯಾ ಹೊರಗೆ ಬಂದರು. 2010ರ ಏಪ್ರಿಲ್‌ನಲ್ಲಿ ಅರ್ನ್ಹೆಮ್ ಕೋರ್ಟು ಬಿಡುಗಡೆ ಮಾಡಿತು. ಬಿಡುಗಡೆ ಮಾಡಿ ಎಂದು ಸರ್ಕಾರಿ ವಕೀಲರೇ ಕೇಳಿದ್ದರು. ಅಷ್ಟರಲ್ಲಿ ಅವರಿಗೆ ಜೈಲಿನಲ್ಲೇ ಪಾರ್ಶ್ವವಾಯು ಬಡಿದಿತ್ತು.

ಅದಕ್ಕೂ ಮುಂಚೆ, 1981ರಲ್ಲಿ, ಕೆನಡಾದ ಟೊರಾಂಟೊ ಮಕ್ಕಳ ಆಸ್ಪತ್ರೆಯಲ್ಲಿ ಸೂಸನ್ ನೆಲ್ಸ್ ಎಂಬ ನರ್ಸ್ ಮೇಲೆ ನಾಲ್ಕು ಮಕ್ಕಳ ಕೊಲೆ ಆರೋಪ ಬಂದಿತ್ತು. ಅಲ್ಲಿಯೂ ಡಿಗಾಕ್ಸಿನ್. ವಿಚಾರಣೆಗೆ ಹೋಗುವಷ್ಟು ಸಾಕ್ಷ್ಯವೇ ಇಲ್ಲ ಎಂದು 1982ರಲ್ಲಿ ಕೈಬಿಟ್ಟರು. ಎಳೆ ಮಕ್ಕಳ ರಕ್ತದಲ್ಲಿ ಡಿಗಾಕ್ಸಿನ್‌ನಂತೆ ಕಾಣುವ ವಸ್ತು ಇದೆ ಎಂದು ಸಂಶೋಧಕರು ಬರೆಯತೊಡಗಿದ್ದು ಅದೇ ವರ್ಷಗಳಲ್ಲಿ. ಅಂದರೆ ಹೇಗ್ ಕೇಸಿಗೆ ಸುಮಾರು ಇಪ್ಪತ್ತು ವರ್ಷ ಮೊದಲೇ ಗೊತ್ತಿದ್ದ ಸಂಗತಿ. ಆ ತಿಳಿವಳಿಕೆ ಲ್ಯಾಬಿನಿಂದ ಕೋರ್ಟಿಗೆ ನಡೆದು ಹೋಗಲಿಲ್ಲ.

ಮತ್ತೆ ಚೆಸ್ಟರ್‌ಗೆ ಬರುತ್ತೇನೆ. ಇನ್ಸುಲಿನ್ ಎರಡು ಮಕ್ಕಳದ್ದು ಮಾತ್ರ. ಉಳಿದ ಬಹಳಷ್ಟು ಮಕ್ಕಳಿಗೆ ರಕ್ತನಾಳಕ್ಕೆ ಗಾಳಿ ಚುಚ್ಚಿದಳು ಎಂದು ಆರೋಪ. ಇದಕ್ಕೆ ಲ್ಯಾಬ್ ಟೆಸ್ಟೇ ಇಲ್ಲ. ಮಕ್ಕಳ ಚರ್ಮದ ಮೇಲೆ ಬಂದು ಹೋಗುವ ವಿಚಿತ್ರ ಕಲೆ ಕಂಡವು ಎಂದು ಡಾಕ್ಟರುಗಳೂ ನರ್ಸುಗಳೂ ನೆನಪಿಸಿಕೊಂಡರು. 1989ರ ಒಂದು ಲೇಖನ ಅದಕ್ಕೆ ಆಧಾರವಾಯಿತು. ಬರೆದವರು ಕೆನಡಾದ ಶೂ ಲೀ ಮತ್ತು ಟ್ಯಾನ್ಸ್‌ವೆಲ್. 53 ಮಕ್ಕಳ ವಿವರ ಅದರಲ್ಲಿದೆ. ನೂರರಲ್ಲಿ 11ರಷ್ಟು ಮಕ್ಕಳಲ್ಲಿ ಮಾತ್ರ ಚರ್ಮದ ಬಣ್ಣ ಬದಲಾಗಿತ್ತು. ನೀಲಿಗಟ್ಟಿದ ಮೈಮೇಲೆ ಗುಲಾಬಿ ಬಣ್ಣದ ರಕ್ತನಾಳಗಳು ಕಾಣುವ ವಿಶೇಷ ಚಿತ್ರ ಒಂದೇ ಮಗುವಿನಲ್ಲಿ. ಅಲ್ಲಿನ ಮಕ್ಕಳಿಗೆ ಗಾಳಿ ಹೋದದ್ದು ಸಿರಿಂಜಿನಿಂದಲ್ಲ. ವೆಂಟಿಲೇಟರ್ ಒತ್ತಡಕ್ಕೆ ಶ್ವಾಸಕೋಶದಿಂದ ರಕ್ತಕ್ಕೆ ನುಗ್ಗಿದ ಗಾಳಿ. ಅದು ನೇರವಾಗಿ ಆರ್ಟರಿ ಕಡೆಗೆ, ಅಂದರೆ ಹೃದಯದಿಂದ ಮೈಗೆ ರಕ್ತ ಒಯ್ಯುವ ನಾಳದ ಕಡೆಗೆ ಹೋಗುತ್ತದೆ. ಡ್ರಿಪ್ ಲೈನಿಗೆ ಚುಚ್ಚಿದರೆ ವೇನ್ ಕಡೆಗೆ, ಅಂದರೆ ಹೃದಯಕ್ಕೆ ರಕ್ತ ತರುವ ನಾಳಕ್ಕೆ. ದಾರಿಯೇ ಬೇರೆ.

ತನ್ನ ಲೇಖನ ಹೀಗೆ ಬಳಕೆಯಾದದ್ದು ನಿವೃತ್ತರಾಗಿದ್ದ ಲೀ ಅವರಿಗೆ ತಿಳಿದದ್ದು ತೀರ್ಪು ಬಂದ ಮೇಲೆ. 2024ರ ಏಪ್ರಿಲ್‌ನಲ್ಲಿ ಮೇಲ್ಮನವಿ ಕೋರ್ಟಿಗೆ ವಿಡಿಯೋದಲ್ಲಿ ಸಾಕ್ಷಿ ಹೇಳಿದರು. ಕೋರ್ಟು ಒಪ್ಪಲಿಲ್ಲ. ಅದರ ಎರಡು ಕಾರಣ ಕೇಳಿ. ಒಂದು, ಸರ್ಕಾರದ ಕಡೆಯ ತಜ್ಞರು ಚರ್ಮದ ಕಲೆಯೊಂದನ್ನೇ ನಂಬಿರಲಿಲ್ಲ, ಬೇರೆ ಲಕ್ಷಣಗಳನ್ನೂ ಸೇರಿಸಿ ಹೇಳಿದ್ದರು. ಎರಡು, ಇವರನ್ನು ವಿಚಾರಣೆಯಲ್ಲೇ ಕರೆಸಬಹುದಿತ್ತು, ಈಗ ಹೊಸ ಸಾಕ್ಷ್ಯ ಎನ್ನಲಾಗದು. ಎರಡನೆಯದು ನನಗೆ ಅರಗುವುದಿಲ್ಲ. ವಕೀಲರು ಕರೆಸಲಿಲ್ಲ ಎಂಬ ಕಾರಣಕ್ಕೆ ವೈದ್ಯಕೀಯ ಸತ್ಯ ಹಳತಾಗುವುದಿಲ್ಲ. ಲೆಟ್ಬಿ ಪರ ಮೈಕ್ ಹಾಲ್ ಎಂಬ ನವಜಾತ ಶಿಶು ತಜ್ಞರು ಕಡತ ಓದಿ ಸಿದ್ಧರಿದ್ದರು. ಅವರನ್ನೂ ಕಟಕಟೆಗೆ ಕರೆಯಲಿಲ್ಲ. ಆಕೆಯನ್ನು ಬಿಟ್ಟರೆ ಆಕೆಯ ಕಡೆಯಿಂದ ಸಾಕ್ಷಿ ಹೇಳಿದ್ದು ಆಸ್ಪತ್ರೆಯ ಪ್ಲಂಬರ್ ಒಬ್ಬರೇ. ಡ್ರೈನೇಜ್ ನೀರು ಉಕ್ಕುತ್ತಿತ್ತು ಎಂದು ಹೇಳಿದರು. ಹತ್ತು ತಿಂಗಳು ಜ್ಯೂರಿ ಕೇಳಿದ ವೈದ್ಯಕೀಯ ತಜ್ಞರೆಲ್ಲ ಒಂದೇ ಕಡೆಯವರು.

ಆಮೇಲೆ ಲೀ ಸುಮ್ಮನಾಗಲಿಲ್ಲ. ಹಳೆಯ ದಾಖಲೆಗಳನ್ನು ಮತ್ತೆ ಓದಿದರು. ವೇನ್‌ಗೆ ಗಾಳಿ ಹೋದ ಮಕ್ಕಳಲ್ಲಿ ಆ ವಿಶೇಷ ಕಲೆ ಕಂಡದ್ದು ಒಂದೂ ಸಿಗಲಿಲ್ಲ ಎಂದರು. ಬೇರೆ ಬೇರೆ ದೇಶಗಳ ತಜ್ಞರನ್ನು ಸೇರಿಸಿ 14 ಜನರ ತಂಡ ಕಟ್ಟಿದರು. ಬ್ರಿಟನ್ನಿನ ನೀನಾ ಮೋದಿಯವರೂ ಅದರಲ್ಲಿದ್ದರು, ಅಲ್ಲಿನ ಮಕ್ಕಳ ವೈದ್ಯರ ರಾಯಲ್ ಕಾಲೇಜಿಗೆ ಅಧ್ಯಕ್ಷೆಯಾಗಿದ್ದವರು. ಯಾರೂ ಹಣ ಪಡೆಯಲಿಲ್ಲ. ಲೆಟ್ಬಿಗೆ ಅನುಕೂಲವಾಗಲಿ ಬಿಡಲಿ, ಕಂಡದ್ದನ್ನು ಪ್ರಕಟಿಸುತ್ತೇವೆ ಎಂದು ಮೊದಲೇ ಷರತ್ತು ಹಾಕಿದ್ದರು. 2025ರ ಫೆಬ್ರವರಿ 4ರಂದು ಲಂಡನ್ನಿನಲ್ಲಿ ಹೇಳಿದರು: ನಮಗೆ ಕೊಲೆ ಕಾಣಲಿಲ್ಲ, ಸಹಜ ಕಾಯಿಲೆ ಅಥವಾ ಕೆಟ್ಟ ಆರೈಕೆ ಕಂಡಿತು. ಇನ್ಸುಲಿನ್ ಬಗ್ಗೆಯೂ ಹೇಳಿದರು. ತಿಂಗಳು ತುಂಬದ ಮಕ್ಕಳಲ್ಲಿ ಇನ್ಸುಲಿನ್ ಮತ್ತು ಸಿ-ಪೆಪ್ಟೈಡ್‌ನ ಲೆಕ್ಕ ದೊಡ್ಡವರ ಲೆಕ್ಕದಂತಿರುವುದಿಲ್ಲ, ಬೇರೆ ಆ್ಯಂಟಿಬಾಡಿಗಳು ಟೆಸ್ಟಿಗೆ ಅಡ್ಡ ಬರಬಹುದು ಅಂತ. ಅದೇ ತಿಂಗಳು ಆಕೆಯ ಹೊಸ ವಕೀಲ ಮಾರ್ಕ್ ಮೆಕ್‌ಡೊನಾಲ್ಡ್ ತಪ್ಪು ತೀರ್ಪುಗಳನ್ನು ಪರಿಶೀಲಿಸುವ ಆಯೋಗಕ್ಕೆ ಅರ್ಜಿ ಕೊಟ್ಟರು.

ಸರ್ಕಾರಿ ವಕೀಲರು ಜ್ಯೂರಿಗೆ ತೋರಿಸಿದ ಡ್ಯೂಟಿ ಚಾರ್ಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 25 ಘಟನೆ, 38 ನರ್ಸುಗಳು, ಎಲ್ಲ ಘಟನೆಗೂ ಹಾಜರಿದ್ದದ್ದು ಲೆಟ್ಬಿ ಒಬ್ಬಳೇ. ನೋಡಿದ ಕೂಡಲೇ ಎದೆ ಝಲ್ ಎನ್ನುತ್ತದೆ. ಆದರೆ ಅದೇ ಅವಧಿಯಲ್ಲಿ ತೀರಿಕೊಂಡ ಬೇರೆ ಮಕ್ಕಳೂ ಇದ್ದರು. ಅವರು ಆ ಚಾರ್ಟಿನಲ್ಲಿ ಇರಲಿಲ್ಲ. ಗೋಡೆಗೆ ಮೊದಲು ಬಾಣ ಬಿಟ್ಟು, ಆಮೇಲೆ ಅದರ ಸುತ್ತ ವೃತ್ತ ಬರೆದರೆ ಗುರಿ ತಪ್ಪುವುದೇ ಇಲ್ಲ. ಇಂಥ ಕೇಸುಗಳಲ್ಲಿ ಹೀಗಾಗುತ್ತದೆ ಎಂದು ಇಂಗ್ಲೆಂಡಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ 2022ರಲ್ಲೇ, ಈ ವಿಚಾರಣೆ ಶುರುವಾಗುವ ಮುಂಚೆಯೇ, ವರದಿ ಬರೆದು ಎಚ್ಚರಿಸಿತ್ತು. ಬರೆದವರಲ್ಲಿ ರಿಚರ್ಡ್ ಗಿಲ್ ಕೂಡ ಒಬ್ಬರು.

ಮತ್ತೆ, ಕೋರ್ಟಿನಲ್ಲಿ ಸಾಕ್ಷಿಯಾಗಿ ತೋರಿಸಿದ ಲೆಟ್ಬಿಯ ಚೀಟಿ. "ನಾನು ಕೆಟ್ಟವಳು, ನಾನೇ ಇದನ್ನು ಮಾಡಿದೆ" ಎಂದು ಆಕೆ ಬರೆದಿದ್ದಳು. ಅದೇ ಚೀಟಿಯಲ್ಲಿ "ನಾನು ಏನೂ ತಪ್ಪು ಮಾಡಿಲ್ಲ" ಎಂದೂ ಇತ್ತು. ಲೂಸಿಯಾ ಅವರ ಡೈರಿಯಲ್ಲೂ 'ತಡೆಯಲಾಗದ ಗೀಳು' ಎಂಬ ಮಾತಿತ್ತು. ಕೋರ್ಟು ಅದನ್ನು ಕೊಲ್ಲುವ ಗೀಳು ಎಂದು ಓದಿತು. ಟ್ಯಾರೋ ಕಾರ್ಡು ಓದುವ ಗೀಳು ಎಂದು ಅವರು ಹೇಳುತ್ತಲೇ ಇದ್ದರು. ನಿಮ್ಮ ಕೈಯಲ್ಲಿ ಮಗು ತೀರಿಕೊಂಡ ರಾತ್ರಿ ನೀವು ಏನೇನು ಅಂದುಕೊಳ್ಳುತ್ತೀರಿ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಆ ಮಕ್ಕಳ ತಂದೆ ತಾಯಂದಿರನ್ನು ನಾನು ಮರೆತಿಲ್ಲ. ಮೊದಲು ಸಹಜ ಸಾವು ಎಂದರು. ವರ್ಷಗಳ ನಂತರ ಕೊಲೆ ಎಂದರು. ಈಗ ಮತ್ತೆ ಸಹಜ ಇರಬಹುದು ಎನ್ನುತ್ತಿದ್ದಾರೆ. ತೀರ್ಪನ್ನು ನಂಬಿ ಹೇಗೋ ಬದುಕು ಕಟ್ಟಿಕೊಂಡವರಿಗೆ ಪ್ರತಿ ಸುದ್ದಿಗೋಷ್ಠಿಯೂ ಗಾಯ ಕೆದಕುತ್ತದೆ. ಅವರ ಕಡೆಯ ವಕೀಲರು ಈ ತಜ್ಞರ ಮಾತನ್ನು ಒಪ್ಪುವುದಿಲ್ಲ. ಆದರೆ ಅವರಿಗೂ ಬೇಕಾಗಿರುವುದು ತಮ್ಮ ಮಗು ಹೇಗೆ ಹೋಯಿತು ಎಂಬ ನಿಜ ಅಲ್ವಾ? ಅದಕ್ಕೇ ಈ ಕೇಸು ಮತ್ತೆ ಕೋರ್ಟಿಗೆ ಹೋಗಬೇಕು, ಎರಡೂ ಕಡೆಯ ತಜ್ಞರು ಒಂದೇ ಕೋಣೆಯಲ್ಲಿ ಒಬ್ಬರ ಮಾತಿಗೆ ಒಬ್ಬರು ಉತ್ತರ ಕೊಡಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಸುದ್ದಿಗೋಷ್ಠಿಯಲ್ಲಿ ಅಡ್ಡ ಪ್ರಶ್ನೆ ಕೇಳುವ ವಕೀಲರಿರುವುದಿಲ್ಲ. ಲೀ ಅವರ ತಂಡದ ಮಾತಿಗೂ ಆ ಪರೀಕ್ಷೆ ಬೇಕು.

ಮಾತು ಮುಗಿದ ಮೇಲೆ ಕೊನೆಯ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. "ಮೇಡಂ, ನಾವು ಕೆಲವರು ಯುಕೆಗೆ ಅಪ್ಲೈ ಮಾಡ್ತಿದ್ದೀವಿ. ಅಲ್ಲೇ ಆಗಲಿ ಇಲ್ಲೇ ಆಗಲಿ, ನಮ್ಮ ಡ್ಯೂಟಿಯಲ್ಲಿ ಇಂಥ ವ್ಯಾಲ್ಯೂ ಬಂದ್ರೆ ಏನು ಮಾಡ್ಬೇಕು?"

ಮೊದಲು ಮಗುವನ್ನು ನೋಡು ಎಂದೆ. ಶುಗರ್ ಕಡಿಮೆಯಿದ್ದರೆ ಡಾಕ್ಟರನ್ನು ಕರೆದು ಅದಕ್ಕೆ ಬೇಕಾದ್ದು ಮಾಡು. ಆ ಹೊತ್ತಿನಲ್ಲೇ ಇನ್ನೊಂದು ಟ್ಯೂಬು ರಕ್ತ ತೆಗೆಯಬಹುದಾ ಎಂದು ಅವರನ್ನು ಕೇಳು. ಯಾವ ಲೈನಿನಿಂದ ತೆಗೆದೆ, ಆಗ ಏನು ಹರಿಯುತ್ತಿತ್ತು, ಕೇಸ್ ಶೀಟಿನಲ್ಲಿ ಬರೆ. ಹಾಕಿದ್ದ ಚೀಲವನ್ನು ಎಸೆಯಬೇಡ, ಹೆಸರು ಬರೆದು ಫ್ರಿಜ್ಜಿನಲ್ಲಿಡು. ಟ್ಯೂಬಿನ ಮೇಲೆ ಗಂಟೆ, ನಿಮಿಷ ಎರಡೂ ಬರೆ. ಆಮೇಲೆ ಲ್ಯಾಬಿಗೆ ಫೋನ್ ಮಾಡಿ, ಈ ಸ್ಯಾಂಪಲ್ ಎಸೀಬೇಡಿ, ಎತ್ತಿಡಿ ಎಂದು ಹೇಳು. ಎತ್ತಿಡುತ್ತೇವೆ.